ಹಾಲು ಬತ್ತಲಿಲ್ಲ

ಆಲಿವ್ ಸಲ್ಡಾನಾಳದ್ದು ಹಗುರ ಕೈ ಎಂದು ಕುವೈತಿನ ಫಹಾಹೀಲಿನ ಹೆಂಗಸರು ಹೇಳುತ್ತಿದ್ದರು. ಹುಬ್ಬಿಗೆ ದಾರ ಹಾಕಿದರೆ ಕಣ್ಣಲ್ಲಿ ನೀರು ಬರುವುದಿಲ್ಲ, ಕಿವಿ ಚುಚ್ಚಿದರೆ ಚುಚ್ಚಿದ್ದೇ ಗೊತ್ತಾಗುವುದಿಲ್ಲ, ಮದುಮಗಳಿಗೆ ಬಣ್ಣ ಹಚ್ಚಿದರೆ ಹೆತ್ತ ತಾಯಿಯೇ ಒಂದು ಗಳಿಗೆ ಕಣ್ಣು ಕಿರಿದು ಮಾಡಿ ನೋಡಬೇಕು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಮೊದಲ ಮಹಡಿಯಲ್ಲಿ, ಕಿಟಕಿಗಳಿಗೆ ಕಪ್ಪು ಹಾಳೆ ಅಂಟಿಸಿದ ಲೇಡೀಸ್ ಸಲೂನು ಅದು. ಒಳಗೆ ನಾಲ್ಕೂ ಗೋಡೆಗೆ ಕನ್ನಡಿ. ಕುವೈತಿ ಹೆಂಗಸರು "ಯಲ್ಲಾ ಆಲಿವ್, ಯಲ್ಲಾ" ಎಂದು ಅವಸರ ಮಾಡಿದರೂ ಅವಳು ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ನಗುತ್ತಲೇ, ತನ್ನ ಹದದಲ್ಲೇ ಕೆಲಸ ಮಾಡುತ್ತಿದ್ದಳು.

ಊರು ಕಿನ್ನಿಗೋಳಿ. ಮಂಗಳೂರಿನ ಹಂಪನಕಟ್ಟೆಯ ಒಂದು ಪಾರ್ಲರಿನಲ್ಲಿ ಕೈ ಪಳಗಿಸಿಕೊಂಡು, ಆಂಥೋನಿಯನ್ನು ಮದುವೆಯಾಗಿ ೧೯೯೭ರಲ್ಲಿ ಕುವೈತಿಗೆ ಬಂದವಳು. ಆಂಥೋನಿ ಶುಐಬಾದ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್. ಮಾತು ಕಡಿಮೆ, ಕಾರು ತೊಳೆಯುವ ಹುಚ್ಚು ಜಾಸ್ತಿ. ಮದುವೆಯಾಗಿ ಆರು ವರ್ಷ ಮಕ್ಕಳಾಗಲಿಲ್ಲ. ಊರಿಗೆ ರಜೆಯಲ್ಲಿ ಹೋದಾಗಲೆಲ್ಲ ಹೆಂಗಸರು ಮೊದಲು ಅವಳ ಹೊಟ್ಟೆ ನೋಡಿ, ಆಮೇಲೆ ಮುಖ ನೋಡುತ್ತಿದ್ದರು. ೨೦೦೩ರ ಕೊನೆಯಲ್ಲಿ ಲೊರೈನ್ ಹುಟ್ಟಿದಾಗ ಆಂಥೋನಿ ಇಡೀ ಕಟ್ಟಡಕ್ಕೆ ಲಡ್ಡು ಹಂಚಿದ. ಮಗುವನ್ನು ನೋಡಿಕೊಳ್ಳಲು ಅವನ ತಾಯಿ ಗರ್ಟ್ರೂಡ್ ಬಾಯಿ ಊರಿನಿಂದ ಬಂದಿಳಿದರು. ಅರುವತ್ತು ದಾಟಿದ, ಗಟ್ಟಿ ಗಂಟಲಿನ, ಯಾರ ಮುಲಾಜಿಗೂ ಬೀಳದ ಹೆಂಗಸು.

ಮಧ್ಯಾಹ್ನ ಸಲೂನು ಮುಚ್ಚಿ ಮತ್ತೆ ಸಂಜೆ ತೆರೆಯುತ್ತಿತ್ತು. ಆ ನಡುವಿನ ಹೊತ್ತಿನಲ್ಲಿ ಆಲಿವ್ ಉರಿಬಿಸಿಲಿನಲ್ಲೇ ಮನೆಗೆ ಓಡುತ್ತಿದ್ದಳು. ಬಾಗಿಲು ತೆರೆಯುವ ಮೊದಲೇ ಲೊರೈನ್ ಅವಳ ಹೆಜ್ಜೆಯ ಸದ್ದು ಹಿಡಿದು ಕೂಗು ಹಾಕುತ್ತಿದ್ದಳು. ಎಸಿಯ ಕೆಳಗೆ ಕೂತು ಮಗುವಿಗೆ ಹಾಲು ಕೊಡುತ್ತಾ ಕಣ್ಣು ಮುಚ್ಚುವುದೇ ಆಲಿವ್‌ಗೆ ಇಡೀ ದಿನದ ಸುಖ.

ಮರುವರ್ಷದ ಜೂನ್ ತಿಂಗಳಲ್ಲಿ ವೆನಿಸ್ಸಾ ಎಂಬ ಹುಡುಗಿ ಕಿವಿ ಚುಚ್ಚಿಸಿಕೊಳ್ಳಲು ಬಂದಳು. ಉದ್ಯಾವರದವಳು, ಎಗೈಲಾದ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಬೇರೆ ಕಫೀಲ್, ವೀಸಾಕ್ಕೆ ಹೊಣೆಯಾಗುವ ಯಜಮಾನ, ಸಿಕ್ಕಿದ್ದಾನೆ, ಮುಂದಿನ ವಾರ ಹೊಸ ಮನೆಗೆ ಹೋಗುತ್ತೇನೆ ಎಂಬ ಖುಷಿಯಲ್ಲಿದ್ದಳು. ಕಿವಿಯಲ್ಲಿ ಎರಡನೆಯ ತೂತು ಬೇಕಂತೆ. ಸಲೂನಿನ ಚುಚ್ಚುವ ಗನ್ ಕೆಟ್ಟು ಎಷ್ಟೋ ದಿನವಾಗಿತ್ತು. ಮ್ಯಾನೇಜರ್ ಇಸಾಬೆಲ್, ಗೋವಾದ ಹೆಂಗಸು, "ಸೂಜಿ ಉಂಟಲ್ಲ, ಅದರಲ್ಲೇ ಮಾಡು" ಎಂದಿದ್ದಳು. ಆಲಿವ್ ಸೂಜಿಗೆ ಸ್ಪಿರಿಟ್ ಒರೆಸಿ, ಕಿವಿಯ ಹಿಂದೆ ಬೂಚು ಒತ್ತಿ ಹಿಡಿದು ಚುಚ್ಚಿದಳು. ಅಷ್ಟರಲ್ಲಿ ಹುಡುಗಿ ಬೆಚ್ಚಿ ತಲೆ ಹೊರಳಿಸಿದಳು. ಬೂಚು ಜಾರಿತು. ಕಿವಿ ದಾಟಿದ ಸೂಜಿ ಆಲಿವ್‌ಳ ತೋರುಬೆರಳಿಗೆ ನೆಟ್ಟಗೆ ಇಳಿಯಿತು.

"ಅಯ್ಯೋ ಬಾಯಿ, ನನ್ನಿಂದಾಗಿ!" ಎಂದಳು ವೆನಿಸ್ಸಾ.

"ಇದೆಂತ ದೊಡ್ಡ ವಿಷಯ? ಸುಮ್ಮನೆ ಕೂತುಕೋ" ಎಂದು ಆಲಿವ್ ಬೆರಳು ಚೀಪಿ, ಹತ್ತಿ ಒತ್ತಿ, ಇನ್ನೊಂದು ಕಿವಿಯನ್ನೂ ಚುಚ್ಚಿ ಕಳಿಸಿದಳು. ಸಂಜೆಯ ಹೊತ್ತಿಗೆ ಮರೆತೂ ಹೋಯಿತು.

ಎರಡು ವಾರ ಕಳೆದಿರಬೇಕು. ಅಹ್ಮದಿಯ ಇಗರ್ಜಿಯಲ್ಲಿ ಶುಕ್ರವಾರದ ಪೂಜೆ ಮುಗಿಸಿ ಜನ ನೆರಳು ಹುಡುಕಿ ನಿಂತಿದ್ದರು. ವೆನಿಸ್ಸಾಳ ಸಂಬಂಧಿ ಹೆಂಗಸೊಬ್ಬಳು ಯಾರಿಗೋ ಹೇಳುತ್ತಿದ್ದುದು ಆಲಿವ್‌ಳ ಕಿವಿಗೆ ಬಿತ್ತು. ಹೊಸ ಕಫೀಲ್‌ಗಾಗಿ ಮೆಡಿಕಲ್ ಮಾಡಿಸಿದಾಗ ವೆನಿಸ್ಸಾಳ ರಕ್ತದಲ್ಲಿ ಎಚ್‌ಐವಿ ಸಿಕ್ಕಿತಂತೆ. ಸಾಮಾನು ಕಟ್ಟಲೂ ಬಿಡದೆ ಊರಿಗೆ ಕಳಿಸಿಬಿಟ್ಟರಂತೆ.

ಆಲಿವ್ ಬೆರಳು ನೋಡಿಕೊಂಡಳು. ಗಾಯದ ಗುರುತು ಕೂಡ ಇರಲಿಲ್ಲ.

ಅಂದಿನಿಂದ ಸಲೂನಿನ ಕನ್ನಡಿಗಳು ಅವಳಿಗೆ ಶತ್ರುಗಳಾದವು. ಎಲ್ಲಿ ತಿರುಗಿದರೂ ತನ್ನದೇ ಮುಖ. ಗಿರಾಕಿ ಎದ್ದು ಹೋದ ಕೂಡಲೇ ನಾಲಿಗೆ ಚಾಚಿ ನೋಡುವಳು, ಕೆಳಗಿನ ತುಟಿ ಮಡಚಿ ನೋಡುವಳು, ಕುತ್ತಿಗೆಯನ್ನು ಒತ್ತಿ ಒತ್ತಿ ಗಂಟು ಹುಡುಕುವಳು. ಮಾರುಕಟ್ಟೆಯ ಹತ್ತಿರದ ಸೈಬರ್ ಕೆಫೆಗೆ ಹೋಗಿ ಒಂದು ಗಂಟೆ ಓದಿದಳು. ಜ್ವರ, ಗಂಟಲು ನೋವು, ಮೈಮೇಲೆ ದದ್ದು, ಸುಸ್ತು. ಓದುತ್ತಿದ್ದಂತೆಯೇ ಗಂಟಲು ಕೆರೆಯತೊಡಗಿತು. ಮರುದಿನ ಮೊಣಕೈ ಹತ್ತಿರ ಕೆಂಪು ದದ್ದು ಕಾಣಿಸಿತು. ಊಟ ಸೇರದೆ ಯೂನಿಫಾರ್ಮ್ ಸಡಿಲವಾದಾಗ ಅದೂ ಲೆಕ್ಕಕ್ಕೆ ಸೇರಿತು.

ಅದೇ ಪುಟದಲ್ಲಿ, ತಾಯಿಯ ಹಾಲಿನಿಂದ ಮಗುವಿಗೂ ಬರಬಹುದು ಎಂದಿತ್ತು. ಆ ಮಧ್ಯಾಹ್ನ ಮನೆಗೆ ಬಂದು, ಕೈ ಚಾಚಿದ ಲೊರೈನಳನ್ನು ಅವಳು ಎತ್ತಿಕೊಳ್ಳಲಿಲ್ಲ. ಹಾಲಿನ ಪುಡಿಯ ಡಬ್ಬಿ ಮೇಜಿನ ಮೇಲಿಟ್ಟು, "ಮಾಂಯ್, ಇನ್ನು ಇದನ್ನೇ ಕೊಡಿ. ನನ್ನ ಹಾಲು ಸಾಕಾಗುವುದಿಲ್ಲ" ಎಂದು ಅತ್ತೆಗೆ ಹೇಳಿ ಕೋಣೆಯ ಬಾಗಿಲು ಹಾಕಿಕೊಂಡಳು. ಮಗು ಬಾಟಲಿ ಉಗಿದು ಚೀರಾಡಿತು. ಬಾಗಿಲಿನ ಈಚೆ ಆಲಿವ್‌ಳ ರವಿಕೆ ಒದ್ದೆಯಾಗಿ ಹೋಯಿತು.

ಆಂಥೋನಿಯ ಪಕ್ಕದಲ್ಲಿ ಮಲಗುವುದನ್ನೂ ಬಿಟ್ಟಳು. ಸೆಖೆ ಎಂದು ಹಾಲ್‌ನಲ್ಲಿ ಚಾಪೆ ಹಾಕಿಕೊಂಡಳು. ಪರೀಕ್ಷೆ ಮಾಡಿಸಲು ಧೈರ್ಯವಿರಲಿಲ್ಲ. ಪಾಸಿಟಿವ್ ಬಂದರೆ ವೆನಿಸ್ಸಾಳ ಹಾಗೆ ತನ್ನನ್ನೂ ವಿಮಾನ ಹತ್ತಿಸುತ್ತಾರೆ. ಮಗು ಎಲ್ಲಿ, ಗಂಡ ಎಲ್ಲಿ, ತಾನೆಲ್ಲಿ? ಊರಲ್ಲಿ ಯಾವ ಮುಖ ಹೊತ್ತು ನಿಲ್ಲುವುದು? ನಾಲ್ಕನೆಯ ದಿನ ನಿಜವಾಗಿಯೇ ಮೈ ಸುಡುವ ಜ್ವರ ಬಂತು. ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಂಟು. ಮುಗಿಯಿತು ಎಂದುಕೊಂಡಳು.

ಗರ್ಟ್ರೂಡ್ ಬಾಯಿ ಅಷ್ಟು ದಿನ ಸುಮ್ಮನೆ ಗಮನಿಸುತ್ತಿದ್ದರು. ಆಂಥೋನಿ ಕೆಲಸಕ್ಕೆ ಹೋದ ಮೇಲೆ, ಮಲಗಿದ್ದ ಸೊಸೆಯ ಪಕ್ಕದಲ್ಲಿ ಬಂದು ಕೂತರು.

"ಆಲಿವ್, ಎದ್ದು ಕೂತುಕೋ. ಹಾಲು ಸಾಕಾಗುವುದಿಲ್ಲ ಅಂತ ಹೇಳಿದ್ದಿ. ನಿನ್ನ ರವಿಕೆ ಒಗೆಯುವುದು ನಾನಲ್ಲವಾ? ನನ್ನ ಹತ್ತಿರ ಸುಳ್ಳು ಬೇಡ. ಎಂತ ಆಗಿದೆ?"

"ಏನಿಲ್ಲ ಮಾಂಯ್."

"ಬೇರೆ ಯಾರಾದರೂ ಗಂಡಸಾ?"

ಆಲಿವ್ ದಡಬಡಿಸಿ ಎದ್ದಳು. "ಅಯ್ಯೋ ಇಲ್ಲ ಮಾಂಯ್! ದೇವರಾಣೆ ಇಲ್ಲ!" ಎನ್ನುತ್ತಲೇ ಕಟ್ಟೆ ಒಡೆಯಿತು. ಸೂಜಿ, ವೆನಿಸ್ಸಾ, ಬೆರಳು, ಇಗರ್ಜಿಯ ಮಾತು, ಎಲ್ಲ ಒಂದೇ ಉಸಿರಿನಲ್ಲಿ ಹೊರಗೆ ಬಂತು. ಹೇಳಿ ಮುಗಿಸಿ, ಅತ್ತೆ ಈಗ ಎದ್ದು ಕೈ ತೊಳೆಯಲು ಹೋಗುತ್ತಾರೆ ಎಂದು ಕಾದಳು.

ಗರ್ಟ್ರೂಡ್ ಬಾಯಿ ಏಳಲಿಲ್ಲ. ಸೆರಗಿನ ತುದಿಯಿಂದ ಸೊಸೆಯ ಮೂಗು ಒರೆಸಿದರು.

"ನನ್ನ ತಮ್ಮ ಅಲೋಶಿಯಸ್ ಬೊಂಬಾಯಿಯಿಂದ ಬಂದದ್ದು ಇದೇ ಕಾಯಿಲೆ ಹೊತ್ತುಕೊಂಡು. ಆಗ ಅದಕ್ಕೆ ಮದ್ದೇ ಇರಲಿಲ್ಲ. ಊರವರು ನಮ್ಮ ಬಾವಿಯ ಹತ್ತಿರ ಬರುವುದನ್ನೂ ಬಿಟ್ಟರು. ಅವನಿಗೆ ಗಂಜಿ ಕುಡಿಸಿದ್ದು ನಾನು, ಸ್ನಾನ ಮಾಡಿಸಿದ್ದು ನಾನು. ನೋಡು, ನಿನ್ನ ಎದುರು ಕೂತಿದ್ದೇನೆ, ಗುಂಡುಕಲ್ಲಿನ ಹಾಗೆ. ಅವನು ಕಾಯಿಲೆಯಿಂದ ಸತ್ತದ್ದು ಹೌದು. ಆದರೆ ಅವನನ್ನು ತಿಂದದ್ದು ಯಾರಿಗೂ ಹೇಳಲಾಗದ ಆ ಹೆದರಿಕೆ. ನನ್ನ ಮನೆಯಲ್ಲಿ ಅದು ಎರಡನೇ ಸಲ ಆಗಲಿಕ್ಕಿಲ್ಲ. ಸೀರೆ ಬದಲಿಸುತ್ತೇನೆ, ಮಗುವನ್ನು ಎತ್ತಿಕೋ. ಡಾಕ್ಟರ ಹತ್ತಿರ ಹೋಗುವಾ."

"ಮಗುವನ್ನು ಮುಟ್ಟಬಹುದಾ ಮಾಂಯ್?"

"ಮುಟ್ಟದೆ ತಾಯಿ ಆಗುವುದು ಹೇಗೆ?" ಎಂದು ಗದರಿ, ಲೊರೈನಳನ್ನು ತಂದು ಅವಳ ಮಡಿಲಲ್ಲಿ ಕುಳ್ಳಿರಿಸಿದರು.

ಫಹಾಹೀಲಿನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಅನಸೂಯಮ್ಮ ಎಂಬ ಕನ್ನಡದ ಡಾಕ್ಟರಿದ್ದರು. ಮೈಸೂರಿನವರು. ಅವರ ಕನ್ನಡ ಕೇಳಿದರೆ ಅರ್ಧ ಕಾಯಿಲೆ ವಾಸಿ ಎಂದು ಊರ ಕಡೆಯವರೆಲ್ಲ ಅಲ್ಲಿಗೇ ಹೋಗುತ್ತಿದ್ದರು. ಅವರು ನಡುವೆ ಬಾಯಿ ಹಾಕದೆ ಎಲ್ಲ ಕೇಳಿಸಿಕೊಂಡರು.

"ಸೂಜಿ ಚುಚ್ಚಿ ಎಷ್ಟು ದಿನ ಆಯ್ತಮ್ಮ?"

"ಮೂರು ವಾರ ದಾಟಿತು ಡಾಕ್ಟ್ರೇ."

"ಮೂರು ದಿನದೊಳಗೆ ಬಂದಿದ್ರೆ ತಡೆಯೋಕೆ ಮಾತ್ರೆ ಇತ್ತು. ಆ ಹೊತ್ತು ಹೋಯ್ತು, ಅದನ್ನೇ ನೆನೆಸ್ಕೊಂಡು ಕೂರೋದು ಬೇಡ. ಎಲ್ಲಿ, ಆ ಗಂಟು ತೋರಿಸಿ." ಕಂಕುಳನ್ನು ಒತ್ತಿ ನೋಡಿ, ಎದೆಯನ್ನೂ ಪರೀಕ್ಷಿಸಿ ಹುಬ್ಬೇರಿಸಿದರು. "ಹಾಲು ಕುಡಿಸೋದು ಒಂದೇ ಸಲಕ್ಕೆ ನಿಲ್ಲಿಸಿಬಿಟ್ರಾ?"

"ಹೌದು. ಮಗುವಿಗೆ ಬರ್ತದೆ ಅಂತ ಹೆದರಿಕೆ ಆಯ್ತು."

"ಅಲ್ಲೇ ಇದೆ ನೋಡಿ. ಎದೆ ಕಲ್ಲಾಗಿದೆ. ಒಳಗೆ ಕಟ್ಕೊಂಡಿರೋದು ಹಾಲು ಕಣ್ರೀ. ಜ್ವರ ಅದರದ್ದು, ಗಂಟೂ ಅದರದ್ದೇ. ಕೈಮೇಲಿನ ದದ್ದು ನೀವು ದಿನಾ ಮುಟ್ಟೋ ಬ್ಲೀಚಿಂದ ಇರಬೇಕು."

ಆಲಿವ್ ಹೆದರಿಕೆಯಿಂದ ಹಾಲು ನಿಲ್ಲಿಸಿದ್ದಳು, ಹಾಲು ನಿಲ್ಲಿಸಿದ್ದಕ್ಕೆ ಜ್ವರ ಬಂದಿತ್ತು, ಜ್ವರ ನೋಡಿ ಇನ್ನಷ್ಟು ಹೆದರಿದ್ದಳು.

"ಹಾಗಾದರೆ ನನಗೆ ಏನೂ ಇಲ್ಲವಾ ಡಾಕ್ಟ್ರೇ?"

"ಅದನ್ನ ನಾನು ಹೇಳಕ್ಕಾಗಲ್ಲ. ಜ್ವರ ನೋಡಿ ಇದೆ ಅನ್ನೋಕೂ ಆಗಲ್ಲ, ಜ್ವರ ಇಳೀತು ಅಂತ ಇಲ್ಲ ಅನ್ನೋಕೂ ಆಗಲ್ಲ. ರಕ್ತವೇ ಹೇಳಬೇಕು. ಆ ಹುಡುಗಿಗೆ ಕಾಯಿಲೆ ಇದ್ದದ್ದು ನಿಜವೇ ಆದ್ರೂ, ಇಂಥ ಒಂದು ಚುಚ್ಚಿಗೆ ಅಂಟೋದು ಸಾವಿರದಲ್ಲಿ ಎರಡೋ ಮೂರೋ, ಅಷ್ಟೇ. ಇವತ್ತು ಒಂದು ಪರೀಕ್ಷೆ ಮಾಡೋಣ. ಆದ್ರೆ ಕಾಯಿಲೆ ಹೊಸದಾಗಿ ಅಂಟಿದ್ರೆ ರಕ್ತದಲ್ಲಿ ಕಾಣಿಸೋಕೆ ಸಮಯ ಬೇಕು. ಸೂಜಿ ಚುಚ್ಚಿ ಮೂರು ತಿಂಗಳು ತುಂಬಿದ ಮೇಲೆ ಮಾಡೋದೇ ಗಟ್ಟಿ ಮಾತು. ಅಲ್ಲೀವರೆಗೆ ಗಂಡ ಹೆಂಡತಿ ಜಾಗ್ರತೆಯಾಗಿರಿ."

"ಪಾಸಿಟಿವ್ ಬಂದರೆ ಇಲ್ಲಿಂದ ಕಳಿಸ್ತಾರಲ್ಲ?"

ಡಾಕ್ಟರು ಕನ್ನಡಕ ತೆಗೆದರು. "ಸುಳ್ಳು ಹೇಳಲ್ಲ, ಆ ಭಯ ಇದ್ದದ್ದೇ. ಆದ್ರೆ ನೀವು ತಿಳ್ಕೊಳ್ಳದೆ ಇದ್ದ ಮಾತ್ರಕ್ಕೆ ಕಾಯಿಲೆ ಕಾಯ್ತಾ ಕೂರಲ್ಲ. ಗೊತ್ತಾದ್ರೆ ಈಗ ಔಷಧಿ ಇದೆ, ಬದುಕಬಹುದು."

ಆಲಿವ್ ಅತ್ತೆಯ ಮುಖ ನೋಡಿದಳು, ತೋಳು ಚಾಚಿದಳು. ರಕ್ತ ಟ್ಯೂಬಿಗೆ ಇಳಿಯುವಾಗ ಕಣ್ಣು ಮುಚ್ಚಲಿಲ್ಲ. ಹೊರಡುವಾಗ ಬಾಗಿಲ ಬಳಿ ನಿಂತು ಕೇಳಿದಳು: "ಡಾಕ್ಟ್ರೇ, ಹಾಲು?"

"ಖಚಿತವಾಗೋವರೆಗೆ ಮಗುಗೆ ಕೊಡೋದು ಬೇಡ. ಬತ್ತಿಸೋಕೆ ಮಾತ್ರೆ ಬೇಕಾದ್ರೆ ಬರೆದುಕೊಡ್ತೀನಿ. ಇಲ್ಲಾಂದ್ರೆ ದಿನಾ ಹಿಂಡಿ ಚೆಲ್ಲಬೇಕು. ಎರಡೂವರೆ ತಿಂಗಳು. ಕಷ್ಟ ಇದೆ."

"ಬತ್ತಿಸುವುದಿಲ್ಲ" ಎಂದಳು ಆಲಿವ್. ಇಷ್ಟು ದಿನಗಳಲ್ಲಿ ಅವಳು ಗಟ್ಟಿ ಮನಸ್ಸಿನಿಂದ ಆಡಿದ ಮೊದಲ ಮಾತು ಅದು.

ಆ ದಿನವೇ ಸಂಜೆ ಆಂಥೋನಿಗೆ ಹೇಳಿದಳು. ಅವನು ಕೇಳಿ, ಬಕೆಟ್ ಹಿಡಿದು ಕೆಳಗಿಳಿದು, ಬೆಳಿಗ್ಗೆಯಷ್ಟೇ ತೊಳೆದಿದ್ದ ಕಾರನ್ನು ಮತ್ತೆ ತೊಳೆದ. ಮೇಲೆ ಬಂದಾಗ ಅಂಗಿಯೆಲ್ಲ ಒದ್ದೆ.

"ಅಮ್ಮನಿಗೆ ಮೊದಲು ಹೇಳಿದೆಯಲ್ಲ?"

"ಅವರೇ ಕಂಡುಹಿಡಿದರು."

"ನನಗೆ ಹೇಳಿದರೆ ನಾನು ಬಿಟ್ಟು ಹೋಗುತ್ತೇನೆ ಅಂತ ಎಣಿಸಿದೆಯಾ?"

ಆಲಿವ್ ಸುಳ್ಳು ಹೇಳಲಿಲ್ಲ. "ಹೌದು" ಎಂದಳು.

ಅವನ ಮುಖ ಸಣ್ಣದಾಯಿತು. ಅವನು ಅಡುಗೆಮನೆಗೆ ನಡೆದ. ಅಲ್ಲಿಂದ ಕೂಗಿದ: "ಈ ಬಾಟಲಿ ಎಷ್ಟು ಹೊತ್ತು ಕುದಿಸಬೇಕು?"

ಮೊದಲ ಪರೀಕ್ಷೆ ನೆಗೆಟಿವ್ ಬಂತು. ಅದು ಕೊನೆಯ ಮಾತಲ್ಲ ಎಂದು ಗೊತ್ತಿದ್ದರೂ ಆ ದಿನ ಅವಳು ಹೊಟ್ಟೆ ತುಂಬ ಉಂಡಳು. ಆಮೇಲೆ ಶುರುವಾಯಿತು ಹಾಲು ಹಿಂಡುವ ಕೆಲಸ. ಬೆಳಿಗ್ಗೆ, ಮಧ್ಯಾಹ್ನ, ಸಲೂನಿನಲ್ಲಿ ಸಂಜೆ ಹಿಂಬದಿಯ ಕೋಣೆಯಲ್ಲಿ, ಮಲಗುವ ಮೊದಲು. ಹಿಂಡಿದ್ದನ್ನು ಸಿಂಕಿಗೆ ಸುರಿಯುವಾಗ ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಅಳುವುದನ್ನು ಬಿಟ್ಟು ನಲ್ಲಿ ತಿರುಗಿಸಿ ಪಾತ್ರೆ ತೊಳೆದಿಡುತ್ತಿದ್ದಳು.

ವೆನಿಸ್ಸಾಳ ನಂಬರನ್ನು ಇಗರ್ಜಿಯಲ್ಲಿ ಆ ಸಂಬಂಧಿ ಹೆಂಗಸಿನಿಂದಲೇ ಕೇಳಿ ಪಡೆದಳು. ನಿಜವಾಗಿಯೂ ನಿನಗೆ ಆ ಕಾಯಿಲೆ ಇದೆಯಾ, ಇದ್ದರೆ ಗೊತ್ತಿದ್ದೂ ಬಂದೆಯಾ ಎಂದು ಕೇಳಬೇಕೆಂದಿತ್ತು. ಮನಸ್ಸಿನಲ್ಲಿ ಮಾತು ಹರಿತ ಮಾಡಿಕೊಂಡೇ ಫೋನ್ ಹಚ್ಚಿದಳು. ಆ ಕಡೆಯಿಂದ "ಹಲೋ" ಎಂಬ ಸೋತ ದನಿ ಬಂದಾಗ ಬಾಯಿಗೆ ಬಂದದ್ದೇ ಬೇರೆ.

"ವೆನಿಸ್ಸಾ, ನಾನು ಫಹಾಹೀಲ್ ಸಲೂನಿನ ಆಲಿವ್. ನಿನ್ನ ಕಿವಿ ಗುಣ ಆಯಿತಾ?"

ಆಚೆಯಿಂದ ಬಿಕ್ಕುವುದು ಕೇಳಿಸಿತು.

"ಬಾಯಿ, ಬಂದಾಗಿನಿಂದ ನನ್ನನ್ನು ಯಾರೂ ಏನೂ ಕೇಳಿಲ್ಲ. ಎಲ್ಲರೂ ದೂರದಿಂದ ನೋಡ್ತಾರೆ, ಅಷ್ಟೇ. ನನಗೇ ಗೊತ್ತಿರಲಿಲ್ಲ ಬಾಯಿ. ನಿಮ್ಮ ಬೆರಳಿಗೆ ಚುಚ್ಚಿತ್ತಲ್ಲ, ದಿನಾ ಅದನ್ನೇ ಎಣಿಸ್ತೇನೆ. ನಿಮಗೆ ಚಿಕ್ಕ ಮಗು ಉಂಟು."

ಕಾಯಿಲೆ ಇರುವುದು ನಿಜವೇ. ಆದರೆ ಆ ನಿಜ ತಿಳಿದ ಮೇಲೆ ಆಲಿವ್ ಮೊದಲಿನಷ್ಟು ನಡುಗಲಿಲ್ಲ. ಆಸ್ಪತ್ರೆಗೆ ಹೋಗುತ್ತಿದ್ದೀಯಾ ಎಂದು ಕೇಳಿದಳು. ಹೋಗಿಲ್ಲ ಎಂದಾಗ ಗರ್ಟ್ರೂಡ್ ಬಾಯಿ ಫೋನ್ ಕಿತ್ತುಕೊಂಡರು. "ಹುಡುಗೀ, ನಾಳೆಯೇ ಮಂಗಳೂರಿಗೆ ಹೋಗಿ ಡಾಕ್ಟರಿಗೆ ತೋರಿಸು. ಮುಂದಿನ ಶುಕ್ರವಾರ ನಾನೇ ಫೋನ್ ಮಾಡಿ ಕೇಳುತ್ತೇನೆ. ಹೋಗಿಲ್ಲ ಅಂದರೆ ನೋಡು!" ಹಾಗೆಯೇ ಶುಕ್ರವಾರ ತಪ್ಪದೆ ಕೇಳಿದರು. ವೆನಿಸ್ಸಾ ಹೋಗಿದ್ದಳು. ಸದ್ಯಕ್ಕೆ ರೋಗ ತಡೆಯುವ ಶಕ್ತಿ ಚೆನ್ನಾಗಿದೆ, ಮಾತ್ರೆ ಬೇಕಾದಾಗ ಕೊಡುತ್ತೇವೆ ಎಂದಿದ್ದರಂತೆ ಡಾಕ್ಟರು.

ಇನ್ನೊಂದು ಕೆಲಸ ಸಲೂನಿನಲ್ಲಿ ಬಾಕಿಯಿತ್ತು. ವೆನಿಸ್ಸಾಳ ಆಮೇಲೆ ಆ ಸೂಜಿಯಲ್ಲಿ ಯಾರ ಕಿವಿಯನ್ನೂ ಚುಚ್ಚಿರಲಿಲ್ಲ. ಈಗ ಮದುವೆಯ ಕಾಲ, ಕಿವಿ ಚುಚ್ಚಿಸಲು ಸಾಲುಗಟ್ಟಿದ್ದರು. ಆಲಿವ್ ಹಳೆಯ ಸೂಜಿಯನ್ನು ಮೇಜಿನ ಮೇಲಿಟ್ಟಳು. "ಇಸಾಬೆಲ್, ಒಬ್ಬರಿಗೆ ಒಂದು, ಹೊಸ ಪ್ಯಾಕೆಟಿನ ಸೂಜಿ ತರಿಸು. ಕೈಗೆ ಗ್ಲೌಸು ತರಿಸು. ಇಲ್ಲವಾದರೆ ನಾನು ಚುಚ್ಚುವುದಿಲ್ಲ."

"ಮೇಡಂ ಸಿಟ್ಟಾಗುತ್ತಾರೆ. ಇಲ್ಲಿ ಇರಲಿಕ್ಕೆ ನಿನಗಿರುವ ಇಕಾಮಾ ಅವರ ಕೈಯಲ್ಲಿ ಉಂಟು, ನೆನಪಿರಲಿ."

"ಕರೆ ಅವರನ್ನು."

ಮಾಲಕಿ ಬಂದರು. ಆಲಿವ್ ತನಗೆ ಬರುವ ಅರೆಬರೆ ಅರಬಿಯಲ್ಲಿ, ತನ್ನ ಬೆರಳು ತೋರಿಸಿ, ಸೂಜಿ ತೋರಿಸಿ, ಒಬ್ಬರ ರಕ್ತ ಇನ್ನೊಬ್ಬರಿಗೆ ಹೋಗುವ ಬಗೆಯನ್ನು ಹೇಳಿದಳು. ಯಾರ ಹೆಸರನ್ನೂ ಎತ್ತಲಿಲ್ಲ. ಮಾಲಕಿ ಸೂಜಿಯನ್ನು ದಿಟ್ಟಿಸಿ, ನಿಧಾನವಾಗಿ ಇಸಾಬೆಲ್ ಕಡೆ ತಿರುಗಿದರು.

"ಈದ್‌ಗೆ ನನ್ನ ಮಗಳ ಕಿವಿ ಚುಚ್ಚಿದ್ದು ಇದರಲ್ಲೇನಾ?"

ಇಸಾಬೆಲ್ ಕನ್ನಡಿ ನೋಡಿದಳು. ಸಾಲಿನಲ್ಲಿ ಕೂತ ಹೆಂಗಸರೆಲ್ಲ ತಮ್ಮ ತಮ್ಮ ಕಿವಿ ಮುಟ್ಟಿಕೊಂಡರು.

"ಖಲಾಸ್!" ಎಂದು ಮಾಲಕಿ ಸೂಜಿಯನ್ನು ಕಸದ ಡಬ್ಬಿಗೆ ಎಸೆದರು. ಅಂದು ಸಂಜೆಯೊಳಗೆ ಹೊಸ ಸೂಜಿಗಳ ಪೆಟ್ಟಿಗೆ ಬಂತು. ಪ್ರತಿ ಗಿರಾಕಿಯ ಕಣ್ಣೆದುರೇ ಪ್ಯಾಕೆಟ್ ಹರಿಯುವುದು ಆಲಿವ್‌ಳ ಪದ್ಧತಿಯಾಯಿತು. ಗಿರಾಕಿಗಳು ಹೆಚ್ಚಿದರೇ ಹೊರತು ಕಡಿಮೆಯಾಗಲಿಲ್ಲ.

ಸೆಪ್ಟೆಂಬರ್ ಕೊನೆಯ ಒಂದು ಸೋಮವಾರ ಮತ್ತೆ ರಕ್ತ ಕೊಟ್ಟಳು. ಮರುದಿನ ಮೂವರೂ ಮಗುವಿನೊಂದಿಗೆ ಕ್ಲಿನಿಕ್ಕಿಗೆ ಹೋದರು. ಆಂಥೋನಿ ಕೆಲಸಕ್ಕೆ ರಜೆ ಹಾಕಿದ್ದ. ಹೆಸರು ಕರೆದಾಗ ಆಲಿವ್ ಕೂತೇ ಇದ್ದಳು. ಗರ್ಟ್ರೂಡ್ ಬಾಯಿ ಜಪಸರ ಹಿಡಿದ ಕೈಯಿಂದಲೇ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟು ಎಬ್ಬಿಸಿದರು.

ಅನಸೂಯಮ್ಮ ಸುತ್ತಿ ಬಳಸಲಿಲ್ಲ. "ನೆಗೆಟಿವ್. ನಿಮಗೆ ಏನೂ ಇಲ್ಲ. ಹೋಗಿ, ಮಗುಗೆ ಹಾಲು ಕೊಡಿ."

ಆಂಥೋನಿ, ಎಂದೂ ನಾಲ್ಕು ಮಾತು ಸೇರಿಸಿ ಆಡದವನು, ಡಾಕ್ಟರ ಕೈ ಹಿಡಿದು ಬಿಡದೆ ಕುಲುಕುತ್ತಾ ಏನೇನೋ ಹೇಳತೊಡಗಿದ. "ಸಾಕು ಬಿಡಪ್ಪ, ಈ ಕೈ ಬೇಕು ನಂಗೆ" ಎಂದು ಅವರು ನಕ್ಕರು.

ಆದರೆ ಲೊರೈನ್ ಅಷ್ಟು ಸುಲಭದಲ್ಲಿ ಒಪ್ಪಲಿಲ್ಲ. ಬಾಟಲಿಗೆ ಒಗ್ಗಿಹೋಗಿದ್ದ ಮಗು ಎದೆಯನ್ನು ಎರಡೂ ಕೈಯಿಂದ ತಳ್ಳಿ ಮುಖ ತಿರುಗಿಸಿತು. ಎತ್ತಿ ಹಿಡಿದರೆ ಕಿರುಚಿತು. ಆಲಿವ್‌ಳ ಕಣ್ಣು ತುಂಬಿತು. "ಮರೆತುಬಿಟ್ಟಿದ್ದಾಳೆ ಮಾಂಯ್."

"ಅವಳು ಮರೆತರೆ ನೀನು ನೆನಪು ಮಾಡು. ಎಂತ ಅವಸರ? ನಿದ್ದೆ ಬರಲಿ."

ಸಂಜೆಗೆ ಮಗು ಆಟವಾಡಿ ದಣಿದು ತೂಕಡಿಸಿತು. ಆಲಿವ್ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಸದ್ದಿಲ್ಲದೆ, ಹಗುರವಾಗಿ ಎದೆಗೆ ಒತ್ತಿಕೊಂಡಳು. ಮಗು ಕಣ್ಣು ಬಿಡದೆಯೇ ಬಾಯಿ ಆಡಿಸಿತು, ಮೂಗು ಉಜ್ಜಿತು, ಒಮ್ಮೆ ಹಿಡಿದು ಬಿಟ್ಟಿತು. ಮತ್ತೆ ಹಿಡಿಯಿತು. ಈ ಸಲ ಬಿಡಲಿಲ್ಲ. ಗುಟುಕು ಗುಟುಕಾಗಿ ನುಂಗುವ ಸದ್ದು ಕೋಣೆಯಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಗರ್ಟ್ರೂಡ್ ಬಾಯಿ ಕಿಟಕಿ ತೆರೆದು, ಕೆಳಗೆ ಕಾರಿನ ಹತ್ತಿರವಿದ್ದ ಮಗನಿಗೆ ಇಡೀ ಬೀದಿಗೆ ಕೇಳುವಂತೆ ಕೂಗಿದರು: "ಏ ಆಂಥೋನ್! ಕುಡಿದಳೋ! ಮೇಲೆ ಬಾ!" ಅವನು ಸೋಪಿನ ಕೈಯಲ್ಲೇ ಮೆಟ್ಟಿಲು ಹಾರಿಕೊಂಡು ಬಂದು ಬಾಗಿಲಲ್ಲಿ ನಿಂತ. ಹತ್ತಿರ ಬಂದರೆ ಮಗು ಎಚ್ಚರಾದೀತೆಂದು ಅಲ್ಲೇ ನಿಂತು, ಹೆಂಡತಿಯನ್ನು ನೋಡುತ್ತಾ ನಕ್ಕ.

ಆ ರಾತ್ರಿ ಅವರ ಮನೆಯಲ್ಲಿ ಇಡ್ಲಿಯಂಥ ಮೆತ್ತನೆಯ ಸಣ್ಣಾ, ಕೋಳಿ ಸಾರು, ಶ್ಯಾವಿಗೆ ಪಾಯಸ. ಮಹಡಿಯ ನೆರೆಯವರನ್ನೆಲ್ಲ ಕರೆದಾಗಿತ್ತು. ಯಾರ ಹುಟ್ಟುಹಬ್ಬವೂ ಅಲ್ಲ, ಹಬ್ಬವೂ ಅಲ್ಲ. ಪಕ್ಕದ ಮನೆಯ ಕ್ಲೇಟನ್ ಮೂರನೆಯ ಸಲ ಬಡಿಸಿಕೊಳ್ಳುತ್ತಾ ಕೇಳಿದ: "ಮಾಂಯ್, ಮಂಗಳವಾರದ ದಿನ ಇಷ್ಟು ದೊಡ್ಡ ಊಟ, ವಿಶೇಷ ಎಂತ?"

ಗರ್ಟ್ರೂಡ್ ಬಾಯಿ ಸೌಟು ಎತ್ತಿದರು. "ನನ್ನ ಸೊಸೆಯ ಮೇಲೆ ನನಗೆ ಪ್ರೀತಿ ಬಂದಿದೆ. ತಿನ್ನು ಸುಮ್ಮನೆ."

ಎಲ್ಲರೂ ಗೊಳ್ಳೆಂದು ನಕ್ಕರು. ಆಲಿವ್ ಎದ್ದು ಒಳಗೆ ಹೋಗಿ ಉದ್ಯಾವರಕ್ಕೆ ಫೋನ್ ಹಚ್ಚಿದಳು. ತನಗೆ ಇಲ್ಲ ಎಂಬುದನ್ನು, ಇರುವವಳಿಗೆ ಹೇಗೆ ಹೇಳುವುದು ಎಂದು ಒಂದು ಗಳಿಗೆ ತಡವರಿಸಿದಳು. ಹೇಳಿದ್ದೇ ತಡ, ವೆನಿಸ್ಸಾ ಆ ಕಡೆಯಿಂದ ಕಿರುಚಿದ ಕಿರುಚಿಗೆ ಆಲಿವ್ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

"ಬಾಯಿ, ಈಗ ನಾನೂ ಊಟ ಮಾಡ್ತೇನೆ" ಎಂದಳು ವೆನಿಸ್ಸಾ. "ಮತ್ತೆ, ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ನನ್ನ ವಿಷಯ ಗೊತ್ತಿದ್ದೇ ತೆಗೆದುಕೊಂಡರು. ರಜೆಯಲ್ಲಿ ಬಂದಾಗ ಲೊರೈನಳ ಅಳತೆ ತನ್ನಿ, ಫ್ರಾಕು ನಾನು ಹೊಲಿಯುವುದು."

"ಅಳತೆ ಯಾಕೆ? ಮಗುವನ್ನೇ ತರುತ್ತೇನೆ" ಎಂದಳು ಆಲಿವ್.